ಶುಭ ಶುಕ್ರವಾರದ ಸುತ್ತಿಗೆ

ಇತಾ ಪೊತ್ರೇರೊ
೨೧ ಏಪ್ರಿಲ್ ೨೦೧೯, ಈಸ್ಟರ್ ಭಾನುವಾರ, ಊಟದ ನಂತರ

ಪ್ರೀತಿಯ ಮಗಳು ನಿಮಿಯಾಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ರಾತ್ರಿ ಪಾಳಿ ಮುಗಿಸಿ ಬಂದಾಗ ಕಾಲು ಊದಿಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಚಾಕೊ ಸೀಮೆಯ ಸೆಕೆಯಲ್ಲಿ ನೀರು ಚೆನ್ನಾಗಿ ಕುಡಿ. ಆಸ್ಪತ್ರೆಯಲ್ಲಿ ಎಲ್ಲರಿಗೂ ನೀರು ಕುಡಿಸುವವಳಿಗೆ ನಾನು ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಈ ಕಾಗದದ ಜೊತೆ ಕಟ್ಟಿರುವ ಪೊಟ್ಟಣದಲ್ಲಿ ಬುಧವಾರ ಸುಟ್ಟ ಚೀಪಾ ರೊಟ್ಟಿಗಳಿವೆ. ಹಿಟ್ಟು ಅಳಿಯ ನಾನು ನಾದಿದ್ದು, ಬಯ್ಗುಳ ಅತ್ತೆಯದು, ಅಂದರೆ ನಿನ್ನ ಅಜ್ಜಿಯದು. ಸ್ವಲ್ಪ ಗಟ್ಟಿಯಾಗಿರಬಹುದು, ತಣ್ಣನೆಯ ತೆರೆರೆ ಕಷಾಯದಲ್ಲಿ ಅದ್ದಿ ತಿನ್ನು. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಹೂಂ ಅನ್ನುವವರೆಗೂ ನೀನು ಬಿಡುವುದಿಲ್ಲ. ಹೂಂ ಅಂದಮೇಲೆ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನನಗೇ ಮರೆತುಹೋಗುತ್ತದೆ. ಕಾಗದದ ಮೇಲೆ ಮಾತಿಗೆ ಅಡ್ಡ ಬರುವವರಿಲ್ಲ.

ಅಸುನ್ಸಿಯೋನಿನ ಆ ಸನ್ಯಾಸಿನಿಯರ ವೃದ್ಧಾಶ್ರಮದಲ್ಲಿ ಅಜ್ಜಿಗಾಗಿ ಒಂದು ಹಾಸಿಗೆ ಹಿಡಿಸಿಟ್ಟಿದ್ದೀಯ, ಬುಧವಾರದೊಳಗೆ ಉತ್ತರ ಹೇಳಬೇಕು, ಅದು ನನ್ನ ನೆನಪಿನಲ್ಲಿದೆ. ಆಶ್ರಮದಿಂದ ಡಯಾಲಿಸಿಸ್ ಮಾಡುವ ಕಡೆಗೆ ಐದು ನಿಮಿಷ, ಅದೂ ಡಾಂಬರು ರಸ್ತೆ. ಇಲ್ಲಿಂದ ಪರಾಗ್ವಾರಿಯ ಆಸ್ಪತ್ರೆಗೆ ಹೋಗಬೇಕೆಂದರೆ ಹೆದ್ದಾರಿ ಸಿಗುವವರೆಗೆ ಹನ್ನೊಂದು ಕಿಲೋಮೀಟರು ಬರೀ ಕಲ್ಲು ಹಾಸಿದ ದಾರಿ. ವಾರಕ್ಕೆ ಮೂರು ಸಲ ಹೋಗಿ ಬರುವುದು. ಬೆನ್ನುಮೂಳೆ ಮುರಿದ ಎಂಬತ್ತನಾಲ್ಕರ ಮುದುಕಿಯನ್ನು ಆ ಕಲ್ಲುಗಳ ಮೇಲೆ ಹೊತ್ತುಕೊಂಡು ಹೋಗುವುದು ಪ್ರೀತಿಯಲ್ಲ, ಹಟ ಎಂದು ನೀನು ಹೇಳಿದೆ. ಆ ಮಾತು ನನಗೆ ಚುಚ್ಚಿತು, ನಿಜ. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ.

ಕಳೆದ ಮಂಗಳವಾರ ವಾಪಸು ಬರುವಾಗ ನಡೆದದ್ದನ್ನು ನಾನು ನಿನಗೆ ಹೇಳಿಲ್ಲ. ನಮ್ಮ ಕಾರು ನಿನಗೆ ಗೊತ್ತಿರುವುದೇ. ಜಪಾನಿನಿಂದ ಹಡಗಿನಲ್ಲಿ ಬಂದು, ಇಲ್ಲಿ ಸ್ಟಿಯರಿಂಗನ್ನು ಬಲದಿಂದ ಎಡಕ್ಕೆ ಕಿತ್ತು ಕೂರಿಸಿಕೊಂಡ ಗಾಡಿ. ನಿನ್ನ ಅಮ್ಮ ಎಮೆರೆನ್ಸಿಯಾ ಅದನ್ನು ‘ಎರಡನೇ ಮದುವೆಯವಳು’ ಎಂದು ಕರೆಯುತ್ತಿದ್ದಳು. ಮೂರು ವರ್ಷದಿಂದ, ಅಂದರೆ ಅಮ್ಮ ತೀರಿಹೋದಮೇಲೆ, ನಾನು ಅದರ ಅಡಿಗೆ ಬಗ್ಗಿ ನೋಡಿದ್ದೇ ಇಲ್ಲ. ನಾಲ್ಕೂ ಶಾಕ್ ಅಬ್ಸಾರ್ಬರುಗಳು ಸತ್ತಿದ್ದವು. ಮುಂದಿನ ಮೂಲೆಯನ್ನು ಅದುಮಿ ಬಿಟ್ಟರೆ ಗಾಡಿ ಐದು ಸಲ ತಲೆಯಾಡಿಸುತ್ತಿತ್ತು. ಮಂಗಳವಾರ ಸೇತುವೆ ದಾಟಿದ ಮೇಲೆ ಒಂದು ಗುಂಡಿಗೆ ಚಕ್ರ ಇಳಿಯಿತು. ಅಜ್ಜಿ ಕೂಗಲಿಲ್ಲ. ಅದೇ ನನಗೆ ಭಯವಾದದ್ದು. ಕೂಗುವ ಹೆಂಗಸು ಅವಳು. ಕನ್ನಡಿಯಲ್ಲಿ ನೋಡಿದರೆ ಕಣ್ಣಿಂದ ನೀರು ಇಳಿಯುತ್ತಿದೆ, ಬಾಯಿ ಬಿಗಿಯಾಗಿದೆ. ಮನೆಗೆ ಬಂದು ಮಂಚದ ಮೇಲೆ ಮಲಗಿಸಿದ ಮೇಲೆ ಹೇಳಿದಳು: “ಸಿಲ್ವೇರಿಯೊ, ಇನ್ನು ನಾನು ಆ ಗಾಡಿ ಹತ್ತಲ್ಲ. ಸಾಯೋದಾದ್ರೆ ಅಲ್ಲಾಡದೆ ಇರೋ ಜಾಗದಲ್ಲಿ ಸಾಯ್ತೀನಿ.”

ಪರಾಗ್ವಾರಿಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಒಂದು ಸರದಿ ತಪ್ಪಿದರೆ ಹೇಗೋ ತಡೆಯಬಹುದು, ಎರಡು ತಪ್ಪಿದರೆ ತಾನು ಹೊಣೆಯಲ್ಲ ಎಂದರು. ಗುರುವಾರದ್ದು ಹೇಗೂ ತಪ್ಪಲಿತ್ತು. ಶನಿವಾರ ಬೆಳಗ್ಗೆ ಆರಕ್ಕೆ ಅಲ್ಲಿರಲೇಬೇಕು. ಆಂಬುಲೆನ್ಸಿನ ಸ್ಪ್ರಿಂಗು ನಮ್ಮ ಕಾರಿಗಿಂತ ಬಿರುಸು, ಮಾರ್ಚಿನಲ್ಲಿ ಅಜ್ಜಿ ಒಮ್ಮೆ ಅದರಲ್ಲಿ ಹೋಗಿಬಂದು ಎರಡು ದಿನ ಏಳಲಿಲ್ಲ. ಮೆಕ್ಯಾನಿಕ್ ಸಿಂಫೊರಿಯಾನೊ ಬೀಗ ಹಾಕಿಕೊಂಡು ಪವಿತ್ರ ವಾರಕ್ಕೆ ತಾಯಿಯ ಮನೆಗೆ ಹೋಗಿದ್ದ. ಅವನ ಹೆಂಡತಿಯನ್ನು ಕಾಡಿ ಬೇಡಿ ಸ್ಪ್ರಿಂಗ್ ಅದುಮುವ ಎರಡು ಕೊಕ್ಕೆಗಳನ್ನು ಇಸಿದುಕೊಂಡೆ. ಬುಧವಾರ ಮೊದಲ ಬಸ್ಸಿಗೆ ಅಸುನ್ಸಿಯೋನಿಗೆ ಹೋಗಿ ನಾಲ್ಕು ಹೊಸ ಶಾಕುಗಳನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ. ನಿನಗೆ ಆಗಲೇ ಹೇಳಬೇಕಿತ್ತು. ಹೇಳಿದ್ದರೆ ನೀನು ಅವತ್ತೇ ಅವಳನ್ನು ಆಶ್ರಮಕ್ಕೆ ಕರೆಸಿಕೊಳ್ಳುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಬಯ್ಯುವುದಿದ್ದರೆ ಬಯ್ದುಕೋ.

ಹಿಂದಿನ ಚಕ್ರಗಳ ಎರಡು ಶಾಕುಗಳು ಬುಧವಾರ ಸಂಜೆಯೇ ಮುಗಿದವು. ಮುಂದಿನವೇ ಕಷ್ಟ, ಅಲ್ಲಿ ಶಾಕಿನ ಸುತ್ತ ಸ್ಪ್ರಿಂಗು ಸುತ್ತಿಕೊಂಡಿರುತ್ತದೆ. ಪೆಟ್ಟಿಗೆಯೊಳಗಿನ ಹಾಳೆ ಪೂರಾ ಇಂಗ್ಲಿಷಿನಲ್ಲಿತ್ತು. ನಿನ್ನಪ್ಪ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷು ಓದಿದವನು ಎಂಬುದನ್ನು ಈ ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. ನಮ್ಮ ಮೇಷ್ಟರು ಹಡಗು, ಹಂಸ, ಶರತ್ಕಾಲ ಎಲ್ಲ ಕಲಿಸಿದ್ದರು. ಆ ಹಾಳೆಯಲ್ಲಿದ್ದ ಬುಷ್ ಅಂದರೇನೆಂದು ಕಲಿಸಿರಲಿಲ್ಲ. ಆದರೆ ಡು ನಾಟ್ ಎಂಬುದು ನೆನಪಿತ್ತು, ಬಿಫೋರ್ ಎಂಬುದೂ ನೆನಪಿತ್ತು. ಸ್ಪ್ರಿಂಗನ್ನು ಅದುಮುವ ಬಿಫೋರ್ ಮೇಲಿನ ನಟ್ಟನ್ನು ಡು ನಾಟ್. ಪಕ್ಕದಲ್ಲಿ, ನಟ್ಟು ಬಿಚ್ಚಿದವನ ಮುಖಕ್ಕೆ ಸ್ಪ್ರಿಂಗು ಹಾರುವ ಚಿತ್ರವಿತ್ತು. ಚಿತ್ರದಲ್ಲಿದ್ದವನಿಗೆ ನನ್ನ ಹಾಗೇ ಬೊಕ್ಕತಲೆ.

ಗುರುವಾರ ಬೆಳಗ್ಗೆ ಮಾವಿನ ಮರದಡಿ ಶುರು ಮಾಡಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಅಜ್ಜಿ ಕಿಟಕಿಯ ಪಕ್ಕದ ಮಂಚದಿಂದಲೇ ಮೇಸ್ತ್ರಿಕೆ ಮಾಡುತ್ತಿದ್ದಳು. ಎಡಗಡೆಯದು ಸರಾಗವಾಗಿ ಹೊರಬಂತು. ಕೊಕ್ಕೆಗಳನ್ನು ಎದುರುಬದುರು ಹಾಕಿ, ಇತ್ತ ಎರಡು ಸುತ್ತು ಅತ್ತ ಎರಡು ಸುತ್ತು ಬಿಗಿಸಬೇಕು. ನಾನು ಯಾವುದೋ ಯೋಚನೆಯಲ್ಲಿ ಒಂದೇ ಕಡೆ ಬಿಗಿಸುತ್ತ ಹೋಗಿ, ಸ್ಪ್ರಿಂಗು ಬಾಳೆಹಣ್ಣಿನ ಹಾಗೆ ಬಾಗಿ ನಿಂತಾಗ ಎಚ್ಚರವಾಯಿತು. ಉಸಿರು ಹಿಡಿದು ಒಂದೊಂದೇ ಸುತ್ತು ಸಡಿಲ ಮಾಡಿದೆ. ಯೋಚನೆ ಏನಿತ್ತೆಂದರೆ, ಇದನ್ನೆಲ್ಲ ಮೂರು ವರ್ಷದ ಹಿಂದೆಯೇ ಮಾಡಿದ್ದರೆ ಅವಳ ಬೆನ್ನು ಇಷ್ಟು ನೊಂದಿರುತ್ತಿತ್ತೇ ಎಂಬುದು. ಬಿಚ್ಚಿದ ಹಳೆಯ ಶಾಕಿನ ಕೋಲನ್ನು ಅಂಗೈಯಿಂದ ಒತ್ತಿದೆ. ಒಳಗೆ ಹೋದದ್ದು ಒಳಗೇ ಉಳಿಯಿತು, ಮೇಲೆ ಬರಲೇ ಇಲ್ಲ. ಮೈಯೆಲ್ಲ ಎಣ್ಣೆ ಸೋರಿ ಕಪ್ಪಾಗಿತ್ತು. ಅದನ್ನು ಕಿಟಕಿಯ ಹತ್ತಿರ ಒಯ್ದು ಅಜ್ಜಿಗೆ ತೋರಿಸಿದೆ. “ನನ್ನ ಮೂತ್ರಪಿಂಡಾನೂ ಹಿಂಗೇ ಇದೆಯೇನೋ. ಅದಕ್ಕೂ ಒಂದು ಜೊತೆ ತರೋದಲ್ವಾ, ಹೆಂಗೂ ಪೇಟೆಗೆ ಹೋಗಿದ್ದೆ,” ಎಂದಳು.

ಹನ್ನೊಂದೂವರೆಗೆ ಬಲಗಡೆಯದರಲ್ಲಿ ಉಳಿದದ್ದು ಕೆಳಗಿನ ಒಂದು ಬೋಲ್ಟು. ಬರೀ ಒಂದು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಅಷ್ಟರಲ್ಲಿ ಗುರುವಾರದ ದೊಡ್ಡೂಟ. ಶುಕ್ರವಾರದ ಉಪವಾಸಕ್ಕೆ ಮೊದಲಿನ ಈ ಊಟವನ್ನು ನಮ್ಮಲ್ಲಿ ಯಾರಾದರೂ ಅರ್ಧಕ್ಕೆ ಬಿಟ್ಟು ಎದ್ದದ್ದುಂಟೇ? ಬೇಲಿಯಾಚೆಯ ಮನೆಯ ಗುಮೆರ್ಸಿಂದಾ ಕೋಳಿ ತಂದಳು, ಅವಳ ಗಂಡ ವೈನು ತಂದ. ತಿಂದೆ, ಕುಡಿದೆ, ತೂಗುಮಂಚದಲ್ಲಿ ‘ಫೈವ್ ಮಿನಿಟ್ಸ್’ ಎಂದು ಇಂಗ್ಲಿಷಿನಲ್ಲೇ ಹೇಳಿ ಕಣ್ಣು ಮುಚ್ಚಿದೆ. ಎದ್ದಾಗ ಹೊತ್ತು ಮುಳುಗುತ್ತಿತ್ತು. ಓಡಿಹೋಗಿ ನಟ್ಟು ಬಿಚ್ಚಿದೆ. ಬೋಲ್ಟು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ ನೇತಾಡಿದರೂ ಕದಲಲಿಲ್ಲ. ಅದು ಹೊಡೆದೇ ಹೊರಗೆ ತೆಗೆಯಬೇಕಾದ ಬೋಲ್ಟು. ಸುತ್ತಿಗೆ ಎತ್ತಿದ್ದೇ ತಡ, ಕಿಟಕಿಯಿಂದ ದನಿ ಬಂತು: “ಇಟ್ಬಿಡು ಅದನ್ನ. ಸೂರ್ಯ ಮುಳುಗ್ತು.”

ಶುಭ ಶುಕ್ರವಾರ ಸುತ್ತಿಗೆ ಹಿಡಿದರೆ ಸ್ವಾಮಿಯ ಅಂಗೈಗೇ ಮೊಳೆ ಹೊಡೆದ ಹಾಗೆ ಎಂದು ಚಿಕ್ಕಂದಿನಲ್ಲಿ ಅಜ್ಜಿ ನಿನ್ನನ್ನು ಹೆದರಿಸುತ್ತಿದ್ದದ್ದು ನೆನಪಿದೆಯಲ್ಲ? ಆ ದಿನ ಕಸ ಗುಡಿಸುವಂತಿಲ್ಲ, ಗಟ್ಟಿಯಾಗಿ ನಗುವಂತಿಲ್ಲ. ಅವಳ ಲೆಕ್ಕದಲ್ಲಿ ಅದು ಗುರುವಾರದ ಮುಳುಗು ಹೊತ್ತಿನಿಂದ ಶನಿವಾರ ಹತ್ತಕ್ಕೆ ಇಗರ್ಜಿಯ ಗಂಟೆ ಹೊಡೆಯುವವರೆಗೆ. ಅಷ್ಟು ಹೊತ್ತಿಗೆ ಅವಳ ಸರದಿ ಮುಗಿದೇ ಹೋಗಿರುತ್ತದೆ. ಶುಕ್ರವಾರ ಬೆಳಗ್ಗೆ ಅವಳ ಊದಿದ ಪಾದ ಒತ್ತಿ ನೋಡಿದೆ. ಬೆರಳಿನ ಗುಳಿ ಹಾಗೇ ನಿಂತಿತ್ತು. ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ಬೋಲ್ಟಿಗೆ ಎಣ್ಣೆ ಕುಡಿಸಿದೆ, ಕಾದೆ, ಮತ್ತೆ ಕುಡಿಸಿದೆ. ಒಳಗೆ ಹೋಗಿ, ಸುತ್ತಿಗೆ ಬೇಡ, ಕಲ್ಲಿನಿಂದ ಹೊಡೆದರೆ ಆಗದೇ ಎಂದು ಕೇಳಿದೆ. “ಕಲ್ಲು ಹೊಡೆದವರ ಕಥೇನೂ ಅದೇ ಬೈಬಲ್‌ನಲ್ಲಿದೆ, ಓದ್ಕೋ,” ಎಂದಳು. ಆಗ ನನಗೆ ಸಿಟ್ಟು ಬಂತು. “ಅತ್ತೆ, ನಾಳೆ ಹೋಗದಿದ್ರೆ ನೀವು ಉಳಿಯಲ್ಲ. ಇದು ಆಟ ಅಲ್ಲ,” ಎಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳು ನಂಬಿದ್ದನ್ನು ಮೀರಿ ಹೊಡೆದುಬಿಡಬಹುದಿತ್ತು. ಹೊಡೆದರೆ ಆ ಗಾಡಿಯನ್ನು ಅವಳು ಹತ್ತುತ್ತಿರಲಿಲ್ಲ. ನಿನಗೆ ಅವಳು ಗೊತ್ತು.

ಮೂರು ಗಂಟೆಗೆ, ಸ್ವಾಮಿ ಪ್ರಾಣ ಬಿಟ್ಟ ಹೊತ್ತಿಗೆ, ಅವಳ ಜಪ ಕೇಳಿಸಿತು. ಆಮೇಲೆ ಅವಳು ಊರಿಕೊಂಡು ನಡೆಯುವ ಚೌಕಟ್ಟು ನೆಲಕ್ಕೆ ಉಜ್ಜುವ ಸದ್ದು. ಹನ್ನೆರಡು ಹೆಜ್ಜೆಗೆ ಕಾಲು ಗಂಟೆ ಹಿಡಿಯಿತು, ಮುಟ್ಟಲು ಬಿಡಲಿಲ್ಲ. ಕಪ್ಪು ಶಾಲು ಹೊದ್ದಿದ್ದಳು. ಚಕ್ರದ ಜಾಗದ ಎದುರು ಕುರ್ಚಿ ಹಾಕಿಸಿಕೊಂಡು ಕೂತು, “ಕೊಡು ಇಲ್ಲಿ,” ಎಂದು ಕೈ ಚಾಚಿದಳು. ಏನು ಕೊಡಲಿ ಎಂದು ನನಗೆ ಹೊಳೆಯಲಿಲ್ಲ. “ಸುತ್ತಿಗೆ ಕಣೋ. ಮೊದಲ್ನೇ ಏಟು ನಂದು. ಶುರು ಮಾಡಿದವಳು ನಾನು ಅಂತಾಗ್ಲಿ. ನಿನಗಿಂತ ಮುಂಚೆ ಸ್ವಾಮೀನ ನೋಡೋಳು ನಾನೇ, ಏನು ಹೇಳ್ಬೇಕೋ ನಾನೇ ಹೇಳ್ಕೋತೀನಿ.” ತಿರುಪಿನ ಗೆರೆಗಳು ಕೆಡದಿರಲಿ ಎಂದು ನಟ್ಟನ್ನು ಬೋಲ್ಟಿನ ತುದಿಗೆ ಮತ್ತೆ ಹಾಕಿ, ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, ಹಿಡಿಯ ತುದಿಗೆ ಮಾತ್ರ ಆಸರೆ ಕೊಟ್ಟೆ. ಚಮಚ ತಾಗಿದಷ್ಟು ಸದ್ದಾಯಿತು. ಅವಳು ಶಿಲುಬೆಯ ಗುರುತು ಮಾಡಿಕೊಂಡು, “ಈಗ ನೀನು,” ಎಂದಳು.

ನನ್ನ ಎರಡನೇ ಏಟಿಗೆ ಬೇಲಿಯ ಮೇಲೆ ಗುಮೆರ್ಸಿಂದಾಳ ತಲೆ ಕಾಣಿಸಿತು. “ಸಿಲ್ವೇರಿಯೊ, ಇವತ್ತು ಯಾವ ದಿನ ಅಂತ ಗೊತ್ತಿದೆಯಾ?” ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, “ಗೊತ್ತಿದೆ ಗುಮೆರ್ಸಿಂದಾ. ಹೊಡೀತಿರೋದು ನಾನು, ಅವನು ಬರೀ ನನ್ನ ಕೈ. ನಿಂತು ನೋಡೋ ಬದಲು ಬಂದು ದೀಪ ಹಿಡಿ, ಒಳಗಡೆ ಕಾಣಿಸ್ತಿಲ್ಲ ಅವನಿಗೆ,” ಎಂದಳು. ಗುಮೆರ್ಸಿಂದಾ ಬಂದು ಹಿಡಿದಳು ಮಗಳೇ. ಮುಖ ಅತ್ತ ತಿರುಗಿಸಿಕೊಂಡು ಹಿಡಿದಳು. ಒಂಬತ್ತನೇ ಏಟಿಗೆ ಬೋಲ್ಟು ಹಿಂದಕ್ಕೆ ಜರುಗಿತು. ಪ್ರತಿ ಏಟಿಗೂ ಅಜ್ಜಿ ಮೆಲ್ಲಗೆ “ಕ್ಷಮಿಸಪ್ಪಾ” ಎನ್ನುತ್ತಿದ್ದಳು. ನನ್ನ ಪರವಾಗಿಯೋ ಅವಳ ಪರವಾಗಿಯೋ ನಾನು ಕೇಳಲಿಲ್ಲ. ಕತ್ತಲಾಗುವ ಮೊದಲು ಗಾಡಿ ನೆಲದ ಮೇಲೆ ನಿಂತಿತ್ತು. ಮೂಲೆಯನ್ನು ಅದುಮಿ ಬಿಟ್ಟೆ. ಒಮ್ಮೆ ಎದ್ದು ನಿಂತಿತು, ಅಷ್ಟೇ.

ಶನಿವಾರ ಐದಕ್ಕೆ ಹೊರಟೆವು. ಮೊದಲ ಕಲ್ಲುಗಳು ಸಿಕ್ಕಾಗ ಅಜ್ಜಿ ಬಾಗಿಲ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಶಾಲೆಯ ಹತ್ತಿರ ಒಂದು ಕೈ ಬಿಟ್ಟಳು. ಸೇತುವೆಯಾಚೆಯ ಅದೇ ಗುಂಡಿ ತಪ್ಪಿಸಲಾಗಲಿಲ್ಲ. ಗಾಡಿ ಇಳಿಯಿತು, ಏರಿತು, ಮತ್ತೆ ಕುಣಿಯಲಿಲ್ಲ. ನೋವಾಯಿತೇ ಎಂದೆ. “ಆಯ್ತು. ಆದ್ರೆ ಒಂದೇ ಸಲ ಆಯ್ತು,” ಎಂದಳು. ಮಗಳೇ, ನೋವೇ ಇಲ್ಲ ಎಂದು ನಿನಗೆ ಬರೆಯಬಹುದಿತ್ತು, ಬರೆಯುವುದಿಲ್ಲ. ನೋವಿದೆ. ತಡೆದುಕೊಳ್ಳುವಷ್ಟಕ್ಕೆ ಇಳಿದಿದೆ. ಸರದಿ ಮುಗಿಸಿ ಬರುವಾಗ ನಾನು ಶಾಕುಗಳ ವಿಷಯವನ್ನೇ ಹೇಳುತ್ತಿದ್ದೆ; “ಗಾಡಿ ಸದ್ದು ನಿಂತ್ಮೇಲೆ ನಿನ್ನ ಸದ್ದೇ ಜಾಸ್ತಿ ಕೇಳ್ತಿದೆ,” ಎಂದು ಹೇಳಿ ನಿದ್ದೆ ಹೋದಳು. ಆ ಕಲ್ಲುಗಳ ಮೇಲೆ ನಿದ್ದೆ. ನಾನು ಮನೆಯನ್ನು ದಾಟಿ, ಕೊನೆಯ ತಿರುವಿನವರೆಗೂ ಹೋಗಿ ಹಿಂದಕ್ಕೆ ಬಂದೆ, ಎಬ್ಬಿಸಲು ಮನಸ್ಸು ಬರಲಿಲ್ಲ.

ಬಸ್ಸು ನಾಲ್ಕಕ್ಕೆ. ಡ್ರೈವರನ ಕೈಯಲ್ಲಿ ಇದನ್ನೂ ಚೀಪಾವನ್ನೂ ಕೊಡುತ್ತೇನೆ. ಗುಮೆರ್ಸಿಂದಾ ನಿನ್ನನ್ನು ಕೇಳಿದಳು. ಸ್ವಾಮಿಯೂ ನಿನ್ನ ಅಮ್ಮನೂ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಮಲಗು.

ನಿನ್ನ ಅಪ್ಪ,
ಸಿಲ್ವೇರಿಯೊ ಇನ್ಸ್‌ಫ್ರಾನ್

ತಾ. ಕ.: ಇಷ್ಟೆಲ್ಲ ಬರೆದೆ, ನೀನು ಕೇಳಿದ್ದಕ್ಕೇ ಉತ್ತರ ಬರೆದಿಲ್ಲ. ಬಸ್ಸಿನ ಹಾರನ್ನು ಕೇಳಿಸುತ್ತಿದೆ, ಬೇಗ ಹೇಳುತ್ತೇನೆ. ಈಗಷ್ಟೇ ಅಜ್ಜಿಗೆ ಹಾಸಿಗೆಯ ವಿಷಯ ಹೇಳಿದೆ, ಏನನ್ನೂ ಮುಚ್ಚಿಡದೆ. ಅಲ್ಲಿ ಐದೇ ನಿಮಿಷದ ದಾರಿ, ಇಷ್ಟೂ ನೋವಿರುವುದಿಲ್ಲ, ನೀವು ಹೂಂ ಅಂದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. “ನಾನು ಅಲ್ಲಿಗೆ ಹೋದ್ರೆ ನೀನು ಯಾರ ಹತ್ರ ಜಗಳ ಆಡ್ತೀಯ?” ಎಂದು ಕೇಳಿದಳು. ನಾನು ಹೊರಗೆ ಹೋಗಿ ನಾಲ್ಕೂ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ ಬಂದೆ. ಆ ಹಾಸಿಗೆಯನ್ನು ಬೇರೆ ಯಾರಿಗಾದರೂ ಕೊಡಲು ಹೇಳು ಮಗಳೇ. ಅವಳಿಗಾಗಿ ಬೇಡ ಅನ್ನುತ್ತಿದ್ದೇನೆ ಎಂದು ಹೇಳಬೇಡ, ನನಗಾಗಿ ಅನ್ನು.