ಮುಟ್ಟಬಾರದ ಬಾಣ

ಫೆಬ್ರವರಿ 12, ಬೆಳಿಗ್ಗೆ

ಮತ್ತೆ ಅದೇ ಜಗಳ. ಅನ್ನ ಬಡಿಸುವಷ್ಟರಲ್ಲಿ ಅಪ್ಪ-ಮಗ ಶುರು. ಮಾವನವರು ತಮ್ಮ ಹಳೇ ಅಲ್ಯೂಮಿನಿಯಂ ಬಾಣಗಳನ್ನು ಚಾಪೆಯ ಮೇಲೆ ಉರುಳಿಸಿ ಸೊಟ್ಟ ಹುಡುಕುತ್ತಿದ್ದರು. ನನ್ನ ಗಂಡ ಗೆಂಬೋಗೆ ನಗು.

"ಬಿಸಾಕಿ ಅಪಾ. ಒಂದು ಕಲ್ಲಿಗೆ ತಾಗಿದ್ರೆ ಕುಡುಗೋಲಾಗ್ತವೆ. ನನ್ನ ಕಾರ್ಬನ್ ಬಾಣ ನೋಡಿ, ಇನ್ನೂ ಹೇಗೆ ನೆಟ್ಟಗಿವೆ!"

"ನಂದು ಸೊಟ್ಟ ಆದ್ರೆ ಕಣ್ಣಿಗೆ ಕಾಣುತ್ತೆ ಕಣೋ, ನೆಟ್ಟಗೆ ಮಾಡ್ಕೋತೀನಿ. ನಿಂದು ಒಳಗೇ ಬಿರುಕು ಬಿಟ್ಕೊಂಡಿರುತ್ತೆ. ಬಿಟ್ಟ ಕೂಡ್ಲೆ ಸೀಳಿ ಕೈಗೇ ನುಗ್ಗುತ್ತೆ."

"ಅದಕ್ಕೇ ಬಗ್ಗಿಸಿ ಕೇಳ್ತೀನಲ್ಲ!"

ಅದು ನಿಜ. ಎರಡು ತುದಿ ಹಿಡಿದು, ತುಸು ಬಗ್ಗಿಸಿ, ಕಿವಿಯ ಹತ್ತಿರ. ಬಿರುಕಿದ್ದರೆ ಸದ್ದು. ಪ್ರತಿಯೊಂದನ್ನೂ ಹಾಗೇ ನೋಡುತ್ತಾನೆ.

ಅನ್ನ ಆರಿಹೋಯಿತು. ಹೊಸವರ್ಷದ ಲೋಸರ್ ಹಬ್ಬದ ಬಿಲ್ಲುಪಂದ್ಯ ಮುಗಿಯುವವರೆಗೆ ಭೂತಾನದ ಈ ಪಾರೋದಲ್ಲಿ ಯಾವ ಮನೆಯಲ್ಲೂ ನೆಮ್ಮದಿಯ ಊಟವಿಲ್ಲ.

ಫೆಬ್ರವರಿ 13

ಬಯಲಿನಲ್ಲಿ ಅಭ್ಯಾಸ. ನಾವು ಹೆಂಗಸರು ಗುರಿಹಲಗೆಯ ಬದಿಗೆ ನಿಂತು ಹಾಡು, ಕೀಟಲೆ.

"ಏ ಗೆಂಬೋ, ಗುರಿ ಈ ಕಡೆ! ನಿಮ್ಮತ್ತೆ ಮನೆ ಆ ಕಡೆ!" ಕೂಗಿದ್ದು ನಾನೇ.

ಅವನ ಮೊದಲ ಬಾಣ ಹಲಗೆಯ ಪಕ್ಕದ ಬಂಡೆಗೆ ಬಡಿಯಿತು. ಎರಡನೆಯದು ಹಲಗೆಗೇ. ಎಲ್ಲರೂ ಕುಣಿದರು, ಬಾಣ ಆಯಲು ಬಂದ ಅವನೂ ಕುಣಿದ. ಆ ಗದ್ದಲದಲ್ಲಿ, ಬಂಡೆಗೆ ಬಡಿದದ್ದನ್ನು — ಹಸಿರು ಗರಿಯದು — ತೊಟ್ಟ ಘೋ ನಿಲುವಂಗಿಯ ತೋಳಿಗೆ ಒರೆಸಿ ಬತ್ತಳಿಕೆಗೆ ಸೇರಿಸಿದ. ಬಗ್ಗಿಸಲಿಲ್ಲ. ಕೇಳಲಿಲ್ಲ.

ದಾರಿಯಲ್ಲಿ ನೆನಪಿಸಿದೆ.

"ಬಾಣದ ಉಸಾಬರಿ ನಿಂಗ್ಯಾಕೆ? ಅಪಾ ಕಿವೀಲಿ ಊದಿದ್ರಾ?"

ಸಿಟ್ಟು ಬಂತು. ಸಿಟ್ಟು ಇಳಿದರೂ ಆ ಬಾಣವೇ ಕಣ್ಣ ಮುಂದೆ. ಬಿಲ್ಲು ಹಿಡಿಯುವ ಆ ಎಡಗೈಯಲ್ಲೇ ಉಳಿ ಹಿಡಿದು ಕಿಟಕಿ ಕೆತ್ತುತ್ತಾನೆ. ಆ ಕೈಗೇನಾದರೂ ಆದರೆ...

ಫೆಬ್ರವರಿ 16

ಮುಟ್ಟಿದೆ.

ಬತ್ತಳಿಕೆ ದೇವರ ಕೋಣೆಯಲ್ಲಿತ್ತು. ಅವನು ಸ್ನಾನಕ್ಕೆ ಹೋಗಿದ್ದ. ಪಂದ್ಯಕ್ಕೆ ಮುಂಚೆ ಹೆಂಗಸು ಮುಟ್ಟಿದ ಬಾಣ ಗುರಿ ಸೇರದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ನಂಬುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ. ಹಸಿರು ಗರಿಯದನ್ನು ಎಳೆದೆ. ಮೈ ನುಣುಪು, ಒಂದು ಗೀರಿಲ್ಲ. ಅವನ ಹಾಗೇ ಬಗ್ಗಿಸಿ ಕಿವಿಗೆ ಹಿಡಿದೆ.

ಚಿಟ್.

ಇನ್ನೊಮ್ಮೆ. ಚಿಟ್, ಚಿಟ್.

ಬಚ್ಚಿಡೋಣವೆಂದರೆ ಮೆಟ್ಟಿಲ ಮೇಲೆ ಅವನ ಹೆಜ್ಜೆ. ಇದ್ದಲ್ಲೇ ಇಟ್ಟು ಬಂದೆ. ಹೇಳಿದರೆ ಮುಟ್ಟಿದ್ದು ಗೊತ್ತಾಗುತ್ತದೆ. ಹೇಳದಿದ್ದರೆ?

ಫೆಬ್ರವರಿ 17

ಬಾಣ ಸಮೇತ ಹೋದ. ನಾಳೆ ಪಂದ್ಯ; ಇವತ್ತು ತಂಡದವರೆಲ್ಲ ಬಯಲಿನ ಕೊಟ್ಟಿಗೆಯಲ್ಲೇ ಮಲಗುವುದು, ಹೆಂಡತಿಯರು ಹತ್ತಿರ ಸುಳಿಯುವಂತಿಲ್ಲ. ತಡೆಯಲಾಗದೆ ಮಾವನವರಿಗೆ ಹೇಳಿಬಿಟ್ಟೆ.

"ನಾನೇ ಬಗ್ಗಿಸಿ ನೋಡ್ದೆ ಅಂತೀನಿ. ನೀನು ಬಾಯಿ ಬಿಡ್ಬೇಡ ತಾಯಿ," ಅಂತ ಹೊರಟರು.

ಮುಖ ಗಂಟು ಹಾಕಿಕೊಂಡು ವಾಪಸು ಬಂದರು.

"ಕಾರ್ಬನ್ ಕಂಡ್ರೆ ನಿಮಗಾಗಲ್ಲ, ಅದಕ್ಕೇ ಈ ನಾಟಕ ಅಂದ. ಎಲ್ರೂ ನಕ್ರು. ಮುಟ್ಟಿಯೂ ನೋಡಲಿಲ್ಲ."

ಇಷ್ಟು ದಿನ ಕಾರ್ಬನ್ನಿಗೆ ಬೈದದ್ದರ ಫಲ. ಈಗ ನಿಜ ಹೇಳಿದರೂ ನಂಬುವವರಿಲ್ಲ. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ.

ಫೆಬ್ರವರಿ 18, ಸಂಜೆ

ಹೋದೆ. ಪಂದ್ಯದ ಬಯಲಲ್ಲಿ ಎಲ್ಲರೆದುರೇ ಹೇಳಿದೆ.

"ಹಸಿರು ಗರಿಯದನ್ನ ಹೂಡ್ಬೇಡ. ಬಿರುಕು ಬಿಟ್ಟಿದೆ. ಅಪಾ ಅಲ್ಲ, ನಾನು ಬಗ್ಗಿಸಿ ಕೇಳಿದ್ದು."

ತಂಡದ ನಾಯಕ ರಿನ್ಜಿನ್ ತಲೆಯ ಮೇಲೆ ಕೈ ಹೊತ್ತ. ಎದುರು ತಂಡದವರಿಗಂತೂ ಹಬ್ಬ.

"ಬಿಲ್ಲನ್ನೂ ಅವಳ ಕೈಗೇ ಕೊಡೋ! ನೀನು ಹೋಗಿ ಅನ್ನಕ್ಕಿಡು!"

ಗೆಂಬೋ ಬಾಣ ತೆಗೆದ. ಬಗ್ಗಿಸಿದ. ಅವನ ಮುಖವನ್ನೇ ನೋಡುತ್ತಿದ್ದೆ — ಕೇಳಿಸಿತು ಅವನಿಗೆ. ಆಣೆ ಮಾಡಿ ಹೇಳುತ್ತೇನೆ, ಕೇಳಿಸಿತು.

"ಏನೂ ಇಲ್ಲ," ಅಂದ.

ಆದರೆ ಅದನ್ನು ಹೂಡಲಿಲ್ಲ. ದಿನವಿಡೀ ಬೇರೆಯವನ್ನೇ ಬಿಟ್ಟ. ಒಂದೂ ತಾಗಲಿಲ್ಲ. ಸೋತರು. ಕಾರಣ ನಾನಂತೆ. ಬರುವ ದಾರಿಯಲ್ಲಿ ಒಬ್ಬಳೂ ನನ್ನ ಜೊತೆ ಹೆಜ್ಜೆ ಹಾಕಲಿಲ್ಲ.

ಅವನ ಕೈ ನೆಟ್ಟಗಿದೆ. ಅಷ್ಟು ಸಾಕು ಅಂದುಕೊಳ್ಳುತ್ತೇನೆ. ಸಾಲುತ್ತಿಲ್ಲ. ಏನೂ ಇಲ್ಲ ಅಂದನಲ್ಲ...

ಫೆಬ್ರವರಿ 19

ರಿನ್ಜಿನ್ ಮತ್ತು ತಂಡದವರು ಜಗಲಿಯಲ್ಲಿದ್ದಾರೆ. ಎಲೆಅಡಿಕೆ ನಡೆದಿದೆ. ನಾನು ಒಳಗೆ. ಬರೆಯುವುದು ನೆಪ, ಕಿವಿಯೆಲ್ಲ ಅಲ್ಲೇ.

"ಹೆಂಡ್ತೀನ ಹದ್ದುಬಸ್ತಲ್ಲಿಡೋ ಗೆಂಬೋ. ಊರ ಮಾನ ಕಳೆದ್ಲು." ರಿನ್ಜಿನ್ ದನಿ.

ಗೆಂಬೋ ಅಡಿಕೆ ಕತ್ತರಿಸುವ ಸದ್ದು. ಮಾವನವರು ಕೆಮ್ಮಿದರು. ಮತ್ತೆ ಅದೇ ಸದ್ದು. ಹೇಳೋ. ಹೇಳೋ ಮಾರಾಯ —

"ಒಡೆದಿತ್ತು ಅಣ್ಣ. ನಂಗೂ ಕೇಳಿಸ್ತು. ಅಷ್ಟು ಜನದ ಮುಂದೆ ಹೇಳಕ್ಕೆ ಧೈರ್ಯ ಬರಲಿಲ್ಲ."

ನನ್ನನ್ನು ಕೂಗುತ್ತಿದ್ದಾನೆ. "ಪೆಲ್ಡೆನ್, ಹಸಿರು ಗರಿಯದನ್ನ ತಗೊಂಬಾ. ನೀನೇ ಬಗ್ಗಿಸು. ಒಬ್ಬೊಬ್ರ ಕಿವಿಗೂ ನೀನೇ ಹಿಡಿ."

ಹೊರಟೆ. ಮೊದಲು ರಿನ್ಜಿನ್ ಕಿವಿಗೆ —