ಅಟ್ಟದ ಮೇಲಿನ ಸೂಪರ್‌ಚಾರ್ಜರ್

ಉಸ್ತಾದರೇ, ನಿಮ್ಮ ಈರಣ್ಣನ ಸಲಾಮು.

ರಾಣೇಬೆನ್ನೂರಿನ ನಮ್ಮ ಗ್ಯಾರೇಜು ಈಗಲೂ ಮುಂಜಾನೆ ಎಂಟಕ್ಕೇ ತೆರೆಯುತ್ತದೆ. ನೀವು ಹಾಕಿದ ಕಾಯ್ದೆಯೂ ಹಾಗೇ ಇದೆ: ಗಾಡಿ ಕಟ್ಟಿದವನು ಟ್ರಯಲ್ ಹೋಗಬಾರದು. "ತಾ ಕಟ್ಟಿದ್ದು ತನ್ನ ಕಿವಿಗೆ ಚಂದನ ಕೇಳಸ್ತೈತಿ. ಸಂಶಯ ಇದ್ದಾವ ಓಡಿಸಬೇಕು," ಅನ್ನುತ್ತಿದ್ದಿರಿ. ನನಗೋ ಸಂಶಯ ಹುಟ್ಟುಗುಣ. ಅದಕ್ಕೇ ಅಲ್ಲವೇ ನನ್ನನ್ನು ಇಟ್ಟುಕೊಂಡಿದ್ದು?

ಬ್ಯಾಡಗಿಯ ಮಹೇಶ ತನ್ನ ಸ್ಪೋರ್ಟ್ಸ್ ಕಾರು ತಂದ ದಿನ ನೆನಪಿದೆಯೇ? ಜೊತೆಗೆ ಪೆಟ್ಟಿಗೆಯಲ್ಲಿ ರೂಟ್ಸ್ ಸೂಪರ್‌ಚಾರ್ಜರ್. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ ಎಂಜಿನ್ನಿಗೇ ಗಾಳಿ ತುರುಕುವ ಯಂತ್ರ. ಎಂಜಿನ್ ನಿಧಾನ ತಿರುಗುವಾಗಲೂ ಅದರ ರೋಟರುಗಳು ಗಾಳಿ ನೂಕುತ್ತವೆ, ಎಕ್ಸಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಕಾರು ಜಿಗಿಯುತ್ತದೆ. ಸ್ಕ್ರೂ ಬಗೆಯ ಸೂಪರ್‌ಚಾರ್ಜರೂ ಹೆಚ್ಚುಕಡಿಮೆ ಹಾಗೇ, ಗಾಳಿ ಅಷ್ಟು ಬಿಸಿಯಾಗುವುದಿಲ್ಲ ಅಷ್ಟೇ ಎಂದು ಹೇಳಿಕೊಟ್ಟವರೂ ನೀವೇ. ಆದರೆ ಆ ವಾರ ನನ್ನನ್ನು ಹಾವೇರಿಗೆ ಬೇರೆ ಕೆಲಸಕ್ಕೆ ಅಟ್ಟಿ, ನೀವೊಬ್ಬರೇ ಕಟ್ಟಿದಿರಿ. ಯಾಕೆ ಒಬ್ಬರೇ?

ಕದರಮಂಡಲಗಿ ಹಾದಿಯಲ್ಲಿ ಟ್ರಯಲ್ ಹೋದೆ. ಎಕ್ಸಲರೇಟರ್ ಒತ್ತಿದೆ, ಜಿಗಿತ ಏನೂ ಇಲ್ಲ. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಾಲ್ಕು ಸಾವಿರ ದಾಟಿದ ಮೇಲೆ ಬೆನ್ನಿಗೆ ಸೀಟು ಒತ್ತಿತು, ಆಮೇಲೆ ಏರುತ್ತಲೇ ಹೋಯಿತು. ಬಾನೆಟ್ ಎತ್ತಿದರೆ ಬಸವನಹುಳುವಿನ ಚಿಪ್ಪಿನಂಥದ್ದು ಕೂತಿದೆ, ಎಂಜಿನ್ ಜೋರಾಗಿ ತಿರುಗಿದ ಮೇಲಷ್ಟೇ ಗಾಳಿ ತುರುಕುವ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್! ಕೇಳಿದ್ದಕ್ಕೆ ನಕ್ಕಿರಿ.

"ಎರಡೂ ಖಾರನ ಈರಣ್ಣ. ಒಂದು ನಾಲಿಗಿಗೆ ಇಟ್ಟ ಕೂಡಲೇ, ಇನ್ನೊಂದು ನುಂಗಿದ ಮ್ಯಾಲ."

ಪೆಟ್ಟಿಗೆಯಲ್ಲಿದ್ದದ್ದು ಎಲ್ಲಿ ಹೋಯಿತು ಎಂದರೆ "ಐತಿ ಬಿಡೋ" ಅಂದಿರಿ. ಎಲ್ಲಿ ಐತಿ ಅಂತ ಮಾತ್ರ...

ಆ ನಗು ನನಗೆ ಸೇರಲಿಲ್ಲ. ಮಾರಿಕೊಂಡರೇ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಮಹೇಶನ ಗೆಳೆಯರು ಚಹಾದಂಗಡಿಯಲ್ಲಿ, ಮುದುಕ ಒಳ್ಳೆಯದನ್ನು ಮಾರಿ ಎಂಥದೋ ಕೂರಿಸಿದ್ದಾನೆ ಎಂದು ಆಡಿಕೊಂಡು ನನ್ನ ಮುಖ ನೋಡಿದರು. ಮಹೇಶ ಅಲ್ಲೇ ಇದ್ದ, ಬಾಯಿ ಬಿಡಲಿಲ್ಲ. ನಾನು "ಯಾರಿಗೆ ಗೊತ್ತರಿ" ಅಂದೆ. ಆ ಮಾತು ನಿಮ್ಮ ಕಿವಿಗೆ ಬಿದ್ದಿತ್ತೇ? ಬಿದ್ದಿದ್ದರೆ ಮರುದಿನವೂ ನನಗೆ ಚಹಾ ತರಿಸಿದ್ದು ಯಾಕೆ? ಆ ಮಳೆಗಾಲ ಮುಗಿಯುವುದರೊಳಗೆ ನೀವೇ ಹೋಗಿಬಿಟ್ಟಿರಿ. ನಿಮ್ಮ ಜನಾಜಕ್ಕೆ ಹೆಗಲು ಕೊಟ್ಟಾಗಲೂ ನನ್ನ ಸಂಶಯ ಹೋಗಿರಲಿಲ್ಲ.

ಮೊನ್ನೆ ಮಹೇಶ ಬಂದಿದ್ದ, ಕಾರು ಮಾರಿಕೊಡು ಎಂದು. ಓಡಿಸಿಕೊಂಡು ಬಂದವನು ಬೇರೆ ಡ್ರೈವರ್. ಮಹೇಶ ಒಳಗೆ ಬರುವಾಗ ಅವನ ಬಲಗಾಲಿನ ಚಪ್ಪಲಿ ಬಾಗಿಲಲ್ಲೇ ಉಳಿಯಿತು, ಅವನಿಗೆ ಗೊತ್ತೇ ಆಗಲಿಲ್ಲ. ನಾನು ತಂದು ಕಾಲ ಬಳಿ ಇಟ್ಟಾಗ ತಲೆ ತಗ್ಗಿಸಿದ.

"ಶುಗರ್ ಆಗೇತಿ ಈರಣ್ಣ. ಪಾದಕ್ಕ ಖಬರ್ ಇಲ್ಲ, ಎಷ್ಟು ಒತ್ತೇನಿ ಅನ್ನೂದ ತಿಳಿಯಂಗಿಲ್ಲ. ಕಾರು ಇಲ್ಲಿ ತಂದಾಗನ ಹಿಂಗಿತ್ತು. ಗೆಳ್ಯಾರು ನಗತಾರ, ಯಾರಿಗೂ ಹೇಳಬ್ಯಾಡ್ರಿ ಅಂತ ಉಸ್ತಾದರ ಕೈ ಹಿಡಿದಿದ್ದೆ."

ಊರೊಳಗೆ ಕಾಲು ಭಾರವಾದರೂ ಕಾರು ಜಿಗಿಯಬಾರದು, ಆದರೆ ಅವನ ಆಸೆಯೂ ಸಾಯಬಾರದು. ಅದಕ್ಕೇ ತಡವಾಗಿ ಏರುವುದನ್ನು ಹಾಕಿದ್ದಿರಂತೆ. ಓಡಿಸುವುದನ್ನೇ ಬಿಡು ಎಂದೂ ಬೈದಿದ್ದಿರಂತೆ. ಪೆಟ್ಟಿಗೆಯಲ್ಲಿದ್ದದ್ದನ್ನು ಗ್ಯಾರೇಜಿನ ಅಟ್ಟದ ಮೇಲೆ ಇಟ್ಟಿದ್ದಿರಂತೆ.

ನಾನು ಇದನ್ನೂ ನಂಬಲಿಲ್ಲ. ಅವನು ಹೋದ ಮೇಲೆ ಅಟ್ಟ ಹತ್ತಿದೆ. ಹಳೆ ಟೈರುಗಳ ಹಿಂದೆ ನಿಮ್ಮ ಚೌಕಳಿ ಲುಂಗಿಯಲ್ಲಿ ಸುತ್ತಿದ ರೂಟ್ಸ್, ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದು, ಮೇಲೆ ಮಹೇಶನ ಹೆಸರಿನ ಚೀಟಿ. ಅಲ್ಲೇ ಕುಳಿತು ಅತ್ತುಬಿಟ್ಟೆ, ಉಸ್ತಾದರೇ. ಸಂಶಯಪಡು ಎಂದು ನೀವು ಹೇಳಿದ್ದು ಕಟ್ಟಿದ ಗಾಡಿಯ ಮೇಲೆ. ನಾನು ಕಟ್ಟಿದವರ ಮೇಲೆ ಪಟ್ಟೆ.

ಬರುವ ಭಾನುವಾರ ಚಹಾದಂಗಡಿಗೆ ಬಂದು ತಾನೇ ಎಲ್ಲ ಹೇಳುತ್ತೇನೆ ಎಂದಿದ್ದಾನೆ ಮಹೇಶ. ಬರುತ್ತಾನೋ ಇಲ್ಲವೋ, ನನಗೆ ಅನುಮಾನವೇ. ಬರದಿದ್ದರೆ ಅವನ ಗುಟ್ಟು ನಾನು ಒಡೆಯುವುದಿಲ್ಲ, ಅದು ನೀವು ಕಾಯ್ದದ್ದು. ಆದರೆ ಅದೇ ಬೆಂಚಿನ ಮುಂದೆ ನಿಂತು ನನ್ನ ಪಾಲಿನದನ್ನು ಹೇಳುತ್ತೇನೆ: ಉಸ್ತಾದರು ಏನೂ ಮಾರಿಲ್ಲ, ಸಾಮಾನು ಅಟ್ಟದ ಮೇಲಿದೆ, ಸಂಶಯ ಇದ್ದವರು ಬಂದು ನೋಡಿ. ಅವತ್ತು ಯಾರಿಗೆ ಗೊತ್ತು ಅಂದವನು ನಾನು. ನನಗೆ ಗೊತ್ತಿರಬೇಕಿತ್ತು.