ಕೆಂಪು ದಾರ, ಹಸಿರು ನೀರು

ಅಕಿತಾ
ಶುಕ್ರವಾರ, ಜೂನ್ 13

ಪ್ರೀತಿಯ ಅಮ್ಮ,

ಓಜಿಮಾದಲ್ಲಿ ನೀನೂ ಅಪ್ಪನೂ ಹೇಗಿದ್ದೀರಿ ಅಂತ ಕೇಳಿ ಶುರು ಮಾಡಬೇಕು, ಗೊತ್ತು. ಆದರೆ ಎರಡು ಗಂಟೆಗೆ ಮೀಟಿಂಗ್ ಇದೆ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನಿನಲ್ಲಾದರೆ ನೀನು ಮಧ್ಯದಲ್ಲೇ ಅಯ್ಯೋ ಅನ್ನುತ್ತೀ, ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಪತ್ರ.

ಇಲ್ಲಿ ಭೂಮಿಯೊಳಗಿನ ಬಿಸಿನೀರಿನ ಹಬೆಯಿಂದ ಕರೆಂಟು ತೆಗೆದು, ಉಳಿದ ನೀರನ್ನು ಮತ್ತೆ ಬಾವಿಗೆ ಇಳಿಸುತ್ತಾರೆ. ಆ ನೀರು ಒಳಗೊಳಗೇ ಎಲ್ಲಿಗೆ ಹೋಗುತ್ತದೆ ಅಂತ ನೋಡಲು ಬುಧವಾರ ಅದಕ್ಕೆ ಬಣ್ಣದ ಪುಡಿ ಬೆರೆಸಿದೆವು. ಪುಡಿ ಕಿತ್ತಳೆ ಬಣ್ಣ, ನೀರಿಗೆ ಬಿದ್ದರೆ ಹಸಿರು. ಕಣ್ಣಿಗೆ ಕಾಣದಷ್ಟಿದ್ದರೂ ಲ್ಯಾಬಿನ ಮೆಷಿನ್ ಹಿಡಿಯುತ್ತದೆ.

ಪುಡಿ ತೂಗಿದವಳು ನಾನು. ತೂಗಿದವರು ಸ್ಯಾಂಪಲ್ ಬಾಟಲಿ ಮುಟ್ಟಬಾರದು, ಅದು ರೂಲು. ಆದರೆ ಬಾಟಲಿ ತುಂಬಬೇಕಿದ್ದ ಸೀನಿಯರ್‌ಗೆ ಅವತ್ತು ಜ್ವರ. ಬಟ್ಟೆ, ಶೂ, ಗ್ಲೌಸ್ ಎಲ್ಲ ಬದಲಿಸಿಕೊಂಡು, ಕೆಳಗಿನ ಊರಿನಲ್ಲಿ ಎಂದೋ ಸಾನ್ ಎಂಬ ಅಜ್ಜಿ ನಡೆಸುವ ಬಿಸಿನೀರ ಸ್ನಾನದ ವಸತಿಗೃಹಕ್ಕೆ ಹೋಗಿ, ಅವರ ಬುಗ್ಗೆಯ ನೀರು ತುಂಬಿಸಿಕೊಂಡು ಬಂದೆ. ನೀನು ಬೆಟ್ಟದಲ್ಲಿ ಪೂಜೆ ಮಾಡಿಸಿ ಕಟ್ಟಿದ ದಾರವನ್ನು ಮಾತ್ರ ಬಿಚ್ಚಲಿಲ್ಲ. ಕೆಂಪು ದಾರದ ಮೇಲೆ ಕಿತ್ತಳೆ ಪುಡಿ ಕಾಣುವುದಿಲ್ಲ, ಅಮ್ಮ. ಸಂಜೆ ಸ್ನಾನ ಮಾಡುವಾಗ ಮಣಿಕಟ್ಟಿನಿಂದ ಹಸಿರು ಇಳಿಯಿತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನೆ ಎಂದೋ ಸಾನ್ ಅವರ ನೀರಿನಲ್ಲಿ ಬಣ್ಣ ಸಿಕ್ಕಿತು. ಅರ್ಧ ದಿನದಲ್ಲಿ ಅಷ್ಟು ದೂರ ನೀರು ಹರಿಯುವುದು ಹೇಗೆ ಎಂದು ನಮ್ಮ ಸೆನ್ಸೇಗೂ, ಅಂದರೆ ಲ್ಯಾಬಿನ ಪ್ರೊಫೆಸರಿಗೂ, ಅನುಮಾನ. "ನಮ್ರತಾ ಸಾನ್, ನಿಮ್ಮ ಕೈಯಿಂದ ಏನಾದರೂ...?" ಅಂತ ಮೆಲ್ಲಗೆ ಕೇಳಿದರು. ಇಲ್ಲ ಅಂದುಬಿಟ್ಟೆ. ಬಣ್ಣ ಸಿಕ್ಕರೆ ತಕ್ಷಣ ಹೇಳುತ್ತೇವೆಂದು ಊರಿಗೆ ಕೊಟ್ಟ ಮಾತಿನ ಪ್ರಕಾರ ಎಂದೋ ಸಾನ್‌ಗೆ ವಿಷಯ ತಿಳಿಸಿದರು. ಬಾವಿಗೆ ಇಳಿಸಿದ ನೀರು ತಮ್ಮ ಬುಗ್ಗೆಗೆ ಸೇರುತ್ತಿದೆ ಎಂದುಕೊಂಡು ಆ ಎಪ್ಪತ್ತೆಂಟರ ಅಜ್ಜಿ ತಾವೇ ಬಾಗಿಲಿಗೆ 'ಮುಚ್ಚಿದೆ' ಅಂತ ಬೋರ್ಡು ಹಾಕಿದರು. "ನಮ್ಮತ್ತೆ ಸತ್ತ ದಿನವೂ ಇದನ್ನು ಮುಚ್ಚಿರಲಿಲ್ಲ" ಅಂದರು, ನನಗೆ ಬೇಯಿಸಿದ ಮೊಟ್ಟೆ ಕೊಡುತ್ತಾ. ತಿನ್ನಲಾಗಲಿಲ್ಲ. ಇನ್ನೂ ಜೇಬಿನಲ್ಲೇ ಇದೆ.

ಇವತ್ತಿನ ಮೀಟಿಂಗ್ ಎಂದೋ ಸಾನ್ ಅವರಲ್ಲೇ, ಅಲ್ಲಿ ಎಲ್ಲರೆದುರು ಹೇಳುತ್ತೇನೆ. ಆಮೇಲೆ ಸೆನ್ಸೇ ಲ್ಯಾಬಿನಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ.

ಒಂದೂವರೆ ಆಯಿತು, ಹೊರಟೆ.

ನಿನ್ನ
ನಮ್ರತಾ

ತಾ.ಕ.: ಹೇಳಿಯಾಯಿತು. ಎಂದೋ ಸಾನ್ ಕತ್ತರಿ ತಂದುಕೊಟ್ಟರು. ದಾರ ಕತ್ತರಿಸಿ ಲೋಟಕ್ಕೆ ಹಾಕಿದೆ. ನೀರು ನಿಧಾನವಾಗಿ ಹಸಿರಾಯಿತು. ಅವರು ಎದ್ದುಹೋಗಿ ಬೋರ್ಡು ತೆಗೆದರು. ನನ್ನನ್ನು ಇಟ್ಟುಕೊಳ್ಳುವ ವಿಷಯ ಸೆನ್ಸೇ ಇನ್ನೂ ತೀರ್ಮಾನಿಸಿಲ್ಲ. ಇನ್ನೊಂದು ವಿಷಯ. ಮೈಸೂರಿನ ಹಾಸ್ಟೆಲಿನಲ್ಲಿ ನೀನು ಕಟ್ಟಿದ್ದ ದಾರವನ್ನು ವಾರ್ಡನ್ ಬಿಚ್ಚಿಸಿದರು ಅಂದಿದ್ದೆನಲ್ಲ, ಸುಳ್ಳು. ನನ್ನನ್ನು ಅಲ್ಲಿ ಬಿಟ್ಟು ನೀವಿಬ್ಬರೂ ಜಪಾನಿಗೆ ಹೊರಟ ದಿನ ನಾನೇ ಕಿತ್ತು ಎಸೆದಿದ್ದೆ. ನಾನು ಬಿಚ್ಚದೆ ಉಳಿಸಿಕೊಂಡದ್ದು ಇದೊಂದನ್ನೇ.